ಏಲಕ್ಕಿಯ ಆಚೆ ದಡ: ಗ್ವಾಟೆಮಾಲಾದ ಜನ, ಜಮೀನು, ಡಾಲರು

(ಮಲೆನಾಡಿನ ಊರೊಂದರಲ್ಲಿ ಬೆಳೆಗಾರರೂ ಕಾಲೇಜು ಹುಡುಗರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕಿಳಿಸುವಾಗ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಧ್ಯ ಅಮೆರಿಕದಲ್ಲಿ ಏಳು ದೇಶಗಳಿವೆ. ಏಳರ ಹೆಸರನ್ನೂ ಹೇಳಿ ಎಂದರೆ ಭೂಗೋಳದ ಮೇಷ್ಟ್ರೂ ತಡವರಿಸಬಹುದು. ಆದರೆ ಅವುಗಳಲ್ಲಿ ಒಂದರ ಹೆಸರು ಇಲ್ಲಿ ಕೂತ ಹಿರಿಯರಿಗೆಲ್ಲ ಬಾಯಿಪಾಠ. ಏಲಕ್ಕಿ ರೇಟು ಬಿದ್ದ ವರ್ಷ ಹರಾಜಿನಲ್ಲಿ, ಸೊಸೈಟಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಒಂದೇ ಮಾತು: ‘ಗ್ವಾಟೆಮಾಲಾ ಮಾಲು ಬಂದುಬಿಟ್ಟಿದೆಯಂತೆ.’ ಗಲ್ಫಿನಿಂದ ಬಂತು, ನೇಪಾಳದ ದಾರಿಯಿಂದ ನುಸುಳಿತು ಅಂತೆಲ್ಲ ಸುದ್ದಿ. ಇಷ್ಟು ವರ್ಷ ನಾವು ಬೈದುಕೊಂಡೇ ಬಂದ ಆ ದೇಶದಲ್ಲಿ ಯಾರಿದ್ದಾರೆ, ಏನು ತಿನ್ನುತ್ತಾರೆ, ನಮ್ಮ ರೇಟು ಕೆಡಿಸುವ ಆ ಬೆಳೆಗಾರನ ಕೈಗೆ ಎಷ್ಟು ಕಾಸು ಬರುತ್ತದೆ ಎಂದು ಯಾರೂ ವಿಚಾರಿಸಿದಂತಿಲ್ಲ. ಇವತ್ತು ವಿಚಾರಿಸೋಣ.

ನಾನು ಅಲ್ಲಿಗೆ ಹೋಗಿ ಬಂದವನಲ್ಲ. ಅರ್ಥಶಾಸ್ತ್ರ ಪಾಠ ಹೇಳಿದವನು. ಜನಗಣತಿ, ಆರೋಗ್ಯ ಸಮೀಕ್ಷೆ, ಅಲ್ಲಿನ ಸತ್ಯಶೋಧನಾ ಆಯೋಗದ ವರದಿ ಇಂಥವನ್ನು ಓದುತ್ತ ಬಂದವನು. ಪ್ರವಾಸ ಕಥನ ನಿರೀಕ್ಷಿಸಿ ಬಂದವರು ಕ್ಷಮಿಸಬೇಕು. ನಾನು ಹೇಳಬೇಕೆಂದಿರುವುದು ಒಂದೇ ವಿಷಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗ್ವಾಟೆಮಾಲಾವನ್ನು ಬಡ ದೇಶ ಅಂತ ಕರೆದು ಮುಗಿಸಿದರೆ ಏನೂ ತಿಳಿಯುವುದಿಲ್ಲ. ಜಮೀನು ಯಾವಾಗ, ಯಾರ ಕೈಯಿಂದ, ಯಾರ ಕೈಗೆ ಹೋಯಿತು ಅಂತ ಕೇಳಿ ನೋಡಿ. ಅಲ್ಲಿನ ಹಸಿವು, ಯುದ್ಧ, ವಲಸೆ, ರಾಜಕೀಯ ಎಲ್ಲವೂ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ಮೊದಲು ಲೆಕ್ಕ. ವಿಸ್ತೀರ್ಣ ಸುಮಾರು 1,08,900 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. 2018ರ ಜನಗಣತಿಯಲ್ಲಿ ಸಿಕ್ಕ ಜನ 1.49 ಕೋಟಿ, ಈಗ 1.8 ಕೋಟಿಯ ಆಸುಪಾಸು ಎಂದು ಅಂದಾಜು. ಮಧ್ಯ ಅಮೆರಿಕದಲ್ಲಿ ಜನಸಂಖ್ಯೆಯಲ್ಲೂ ಆರ್ಥಿಕತೆಯ ಗಾತ್ರದಲ್ಲೂ ಇದೇ ದೊಡ್ಡದು. 1950ರಲ್ಲಿ ಅಲ್ಲಿದ್ದವರು ಸುಮಾರು ಮೂವತ್ತು ಲಕ್ಷ ಜನ. ಎರಡು ತಲೆಮಾರಿನಲ್ಲಿ ಐದು ಪಟ್ಟಿಗೂ ಮೀರಿ ಬೆಳೆದಿದ್ದಾರೆ. 2018ರಲ್ಲಿ ಮೂರರಲ್ಲೊಬ್ಬರು ಹದಿನೈದು ತುಂಬದ ಮಕ್ಕಳು. ಈಗ ಹೆರಿಗೆಯ ಪ್ರಮಾಣ ಇಳಿಯುತ್ತಿದೆ, ಆದರೆ ಆಗಲೇ ಹುಟ್ಟಿದವರು ಕೆಲಸ ಕೇಳುವ ವಯಸ್ಸಿಗೆ ಬಂದು ನಿಂತಿದ್ದಾರೆ. ಇಪ್ಪತ್ತೆರಡು ಜಿಲ್ಲೆಗಳು, ಅವಕ್ಕೆ ಅಲ್ಲಿ ಇಲಾಖೆ ಎನ್ನುವ ಅರ್ಥದ ಹೆಸರಿದೆ, ನಾನು ಜಿಲ್ಲೆ ಎಂದೇ ಕರೆಯುತ್ತೇನೆ. ಜ್ವಾಲಾಮುಖಿಗಳ ಸಾಲು, ಭೂಕಂಪ, ಚಂಡಮಾರುತ, ಎಲ್ಲವೂ ಇವೆ. 1976ರ ಫೆಬ್ರವರಿಯ ಒಂದೇ ಭೂಕಂಪದಲ್ಲಿ ಸುಮಾರು 23,000 ಜನ ಸತ್ತರು.

ಈ ಜನ ಯಾರು? ಅದೇ ಜನಗಣತಿಯಲ್ಲಿ ಶೇ. 44ರಷ್ಟು ಮಂದಿ ತಮ್ಮನ್ನು ಮೂಲನಿವಾಸಿಗಳೆಂದು ಬರೆಸಿದರು, ಅವರಲ್ಲಿ ಬಹುತೇಕ ಎಲ್ಲರೂ ಮಾಯಾ ಜನ. ಶೇ. 56ರಷ್ಟು ಮಂದಿ ಲಾದಿನೋಗಳು, ಅಂದರೆ ಸ್ಪ್ಯಾನಿಶ್ ಆಡುವ, ಮಿಶ್ರ ಮೂಲದ ಜನ. ಕೆರಿಬಿಯನ್ ಕರಾವಳಿಯಲ್ಲಿ ಆಫ್ರಿಕನ್ ರಕ್ತಸಂಬಂಧದ ಗರಿಫುನಾ ಎಂಬ ಸಣ್ಣ ಸಮುದಾಯವಿದೆ. ಮಾಯಾ ಎಂದಕೂಡಲೇ ಕಾಡಿನ ನಡುವೆ ಪಾಳುಬಿದ್ದ ಗೋಪುರ ನೆನಪಾಗುತ್ತದೆ, ‘ಕಣ್ಮರೆಯಾದ ನಾಗರಿಕತೆ’ ಅನ್ನುವ ಮಾತು ನಾಲಿಗೆಗೆ ಬರುತ್ತದೆ. ಅರುವತ್ತು ಲಕ್ಷ ಜನ ಕಣ್ಣೆದುರೇ ಉಳುತ್ತ ನೇಯುತ್ತ ಸಂತೆ ಮಾಡುತ್ತ ಇರುವಾಗ ಕಣ್ಮರೆಯಾದದ್ದು ಯಾರಿಗೆ? ಇಪ್ಪತ್ತೆರಡು ಮಾಯಾ ಭಾಷೆಗಳು ಇವತ್ತೂ ಬಳಕೆಯಲ್ಲಿವೆ. ಕಿಚೆ, ಕೆಕ್ಚಿ, ಕಕ್ಚಿಕೆಲ್, ಮಾಮ್ ದೊಡ್ಡವು. ಕೆಕ್ಚಿ ಎಂದು ಬರೆಸಿದವರೇ ಹದಿಮೂರು ಲಕ್ಷ ದಾಟಿದ್ದಾರೆ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಏಲಕ್ಕಿಯ ಪ್ರತಿಸ್ಪರ್ಧಿ ಇವರೇ.

ಹೆಂಗಸರ ಉಡುಪಿನ ಬಗ್ಗೆ ಒಂದು ಮಾತು. ವೀಪಿಲ್ ಎಂಬ ರವಿಕೆಯನ್ನು ಅವರು ಸೊಂಟದ ಮಗ್ಗದಲ್ಲಿ ನೇಯುತ್ತಾರೆ. ಹಾಸುನೂಲಿನ ಒಂದು ತುದಿ ಮರಕ್ಕೋ ಕಂಬಕ್ಕೋ, ಇನ್ನೊಂದು ತುದಿ ಪಟ್ಟಿಯ ಮೂಲಕ ನೇಯುವವಳ ಸೊಂಟಕ್ಕೆ. ಅವಳು ಹಿಂದಕ್ಕೆ ಬಾಗಿದರೆ ನೂಲು ಬಿಗಿ, ಮುಂದಕ್ಕೆ ಬಂದರೆ ಸಡಿಲ. ಒಂದೊಂದು ಊರಿಗೆ ಒಂದೊಂದು ವಿನ್ಯಾಸ. ಹಕ್ಕಿ, ಜೋಳದ ಗಿಡ, ಬೆಟ್ಟದ ಸಾಲು. ಸಂತೆಯಲ್ಲಿ ರವಿಕೆ ನೋಡಿ ಇವಳು ಯಾವ ಊರಿನವಳು ಎಂದು ಹೇಳಬಹುದು. ಕೈಯಿಂದ ನೇಯ್ದ ಒಂದು ವೀಪಿಲ್‌ಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದೇ ವಿನ್ಯಾಸವನ್ನು ಯಂತ್ರದಲ್ಲಿ ಅಚ್ಚು ಹಾಕಿ ಚೀಲ, ಚಪ್ಪಲಿ ಮಾಡಿ ಮಾರುವ ಕಂಪನಿಗಳ ವಿರುದ್ಧ ನೇಕಾರ ಹೆಂಗಸರು ಕಳೆದ ಹತ್ತು ವರ್ಷಗಳಿಂದ ದನಿ ಎತ್ತಿದ್ದಾರೆ: ವಿನ್ಯಾಸ ಸಮುದಾಯದ ಆಸ್ತಿ ಎಂದು ಕಾನೂನು ಒಪ್ಪಬೇಕು ಅಂತ.

ಇನ್ನು ಊಟ. ನಾವು ಮೆಕ್ಕೆಜೋಳ ಅನ್ನುವುದೇ ಅವರ ಅನ್ನ. ಮಾಯಾ ಪುರಾಣದಲ್ಲಿ ದೇವತೆಗಳು ಮನುಷ್ಯನನ್ನು ಮೊದಲು ಮಣ್ಣಿನಿಂದ, ಆಮೇಲೆ ಮರದಿಂದ ಮಾಡಿ ನೋಡಿ, ಎರಡೂ ಕೈಕೊಟ್ಟ ಮೇಲೆ ಜೋಳದ ಹಿಟ್ಟಿನಿಂದ ಮಾಡಿದರು. ಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸಿಪ್ಪೆ ಹೋಗುವ ಹಾಗೆ ತಿಕ್ಕಿ ತೊಳೆದು, ಒದ್ದೆ ಕಾಳನ್ನೇ ರುಬ್ಬಿ, ಅಂಗೈಯಲ್ಲಿ ತಟ್ಟಿ ಹೆಂಚಿನ ಮೇಲೆ ಹಾಕುತ್ತಾರೆ. ಜೊತೆಗೆ ಕಪ್ಪು ಹುರುಳಿಕಾಯಿಯ ಬೀಜ. ಸುಣ್ಣ ಹಾಕುವುದು ರುಚಿಗಷ್ಟೇ ಅಲ್ಲ. ಹಾಗೆ ಮಾಡಿದರೆ ಮಾತ್ರ ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುತ್ತದೆ. ಜೋಳವನ್ನು ಕೊಂಡೊಯ್ದು ಸುಣ್ಣವನ್ನು ಬಿಟ್ಟುಹೋದ ಯುರೋಪಿನ ಬಡವರು ಅದರ ಕೊರತೆಯಿಂದ ಪೆಲಾಗ್ರಾ ಎಂಬ ರೋಗ ಬಂದು ಸತ್ತರು.

ಇಷ್ಟು ಜಾಣತನದ ಅಡುಗೆಯಿರುವ ನಾಡಿನಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 46.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದು 2014–15ರ ರಾಷ್ಟ್ರೀಯ ಸಮೀಕ್ಷೆಯ ಅಂಕಿ, ಲ್ಯಾಟಿನ್ ಅಮೆರಿಕದಲ್ಲೇ ಅತಿ ಹೆಚ್ಚು. ಮೂಲನಿವಾಸಿ ಮಕ್ಕಳಲ್ಲಿ ಶೇ. 58. ತೊತೊನಿಕಪಾನ್ ಎಂಬ ಜಿಲ್ಲೆಯಲ್ಲಿ ಶೇ. 70. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಭಾರತದ ಅಂಕಿ ಶೇ. 35.5, ಕರ್ನಾಟಕದ್ದೂ ಹೆಚ್ಚುಕಡಿಮೆ ಅಷ್ಟೇ. ನಾವೇನೂ ಬೀಗುವ ಸ್ಥಿತಿಯಲ್ಲಿಲ್ಲ. ಆದರೆ ಗ್ವಾಟೆಮಾಲಾದ ತಲಾ ಆದಾಯ ನಮ್ಮ ದೇಶದ ಎರಡು ಪಟ್ಟಿಗೂ ಹೆಚ್ಚು. ಹಾಗಿದ್ದೂ ಮಕ್ಕಳ ಬೆಳವಣಿಗೆಯಲ್ಲಿ ನಮಗಿಂತ ಹಿಂದೆ. ಅಂದರೆ ಸರಾಸರಿ ಆದಾಯವೆಂಬುದು ಯಾರ ತಟ್ಟೆಗೂ ಬೀಳದ ಲೆಕ್ಕ.

ಇದರಲ್ಲಿ ಇನ್ನೊಂದು ಕಹಿ ಇದೆ. ಮಗುವಿನ ಮೊದಲ ಎರಡು ವರ್ಷಗಳ ಆಹಾರ ಇಡೀ ಬದುಕನ್ನು ನಿರ್ಧರಿಸುತ್ತದೆ ಎಂದು ಈಗ ನಮ್ಮ ಅಂಗನವಾಡಿ ಗೋಡೆಗಳ ಮೇಲೂ ಬರೆದಿರುತ್ತಾರಲ್ಲ, ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದೇ ಗ್ವಾಟೆಮಾಲಾದಿಂದ. 1949ರಲ್ಲಿ ರಾಜಧಾನಿಯಲ್ಲಿ ಮಧ್ಯ ಅಮೆರಿಕದ ಪೌಷ್ಟಿಕ ಆಹಾರ ಸಂಸ್ಥೆ ಶುರುವಾಯಿತು. 1969ರಿಂದ 1977ರವರೆಗೆ ಅದು ಪೂರ್ವದ ನಾಲ್ಕು ಹಳ್ಳಿಗಳಲ್ಲಿ ಪ್ರಯೋಗ ನಡೆಸಿತು. ಎರಡು ಹಳ್ಳಿಗಳ ಮಕ್ಕಳಿಗೆ ಪ್ರೋಟೀನ್ ಇದ್ದ ಗಂಜಿ, ಇನ್ನೆರಡಕ್ಕೆ ಪ್ರೋಟೀನ್ ಇಲ್ಲದ ಸಿಹಿ ಪಾನಕ. ಆ ಮಕ್ಕಳನ್ನು ಸಂಶೋಧಕರು ದಶಕಗಳ ನಂತರ ಹುಡುಕಿ ಮಾತಾಡಿಸಿದರು. ಎಳವೆಯಲ್ಲೇ ಗಂಜಿ ಕುಡಿದಿದ್ದ ಗಂಡಸರ ಕೂಲಿ ಸರಾಸರಿ ಶೇ. 46ರಷ್ಟು ಹೆಚ್ಚಿತ್ತು! 2008ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಜಗತ್ತಿನ ಸರ್ಕಾರಗಳೆಲ್ಲ ಉದಾಹರಿಸುತ್ತವೆ. ಪಾಠ ಕಲಿಸಿದ ದೇಶದ ಮಕ್ಕಳಿಗೆ ಮಾತ್ರ ಗಂಜಿ ಮುಟ್ಟಲಿಲ್ಲ.

ಯಾಕೆ ಮುಟ್ಟಲಿಲ್ಲ ಅಂದರೆ, ಸರ್ಕಾರದ ಹತ್ತಿರ ದುಡ್ಡಿಲ್ಲ. ದೇಶದ ಒಟ್ಟು ಉತ್ಪನ್ನದಲ್ಲಿ ತೆರಿಗೆಯ ಪಾಲು ಶೇ. 12ರ ಆಸುಪಾಸು. ಲ್ಯಾಟಿನ್ ಅಮೆರಿಕದ ಸರಾಸರಿ ಇದಕ್ಕಿಂತ ಎಷ್ಟೋ ಮೇಲಿದೆ. ಅಂತರ್ಯುದ್ಧ ಮುಗಿಸಿದ 1996ರ ಶಾಂತಿ ಒಪ್ಪಂದದಲ್ಲೇ 2000ದ ಹೊತ್ತಿಗೆ ಶೇ. 12 ಮುಟ್ಟಿಸುತ್ತೇವೆ ಎಂದು ಬರೆದುಕೊಟ್ಟಿದ್ದರು, ಕಾಲು ಶತಮಾನ ಕಳೆದರೂ ಅಲ್ಲಲ್ಲೇ ಸುತ್ತುತ್ತಿದೆ. ತೆರಿಗೆ ಏರಿಸುವ ಮಾತು ಬಂದಾಗಲೆಲ್ಲ ಉದ್ಯಮಿಗಳ ಒಕ್ಕೂಟ ಅಡ್ಡ ನಿಲ್ಲುತ್ತದೆ. ತಮಾಷೆಯೆಂದರೆ, ಹಣಕಾಸಿನ ಪುಸ್ತಕ ಹಿಡಿದು ನೋಡಿದರೆ ಇದು ಮಾದರಿ ದೇಶ. ಅಲ್ಲಿನ ನಾಣ್ಯ ಕೆತ್ಸಾಲ್ ಎರಡು ದಶಕಗಳಿಂದ ಡಾಲರಿಗೆ ಏಳೂವರೆ–ಎಂಟರ ಆಸುಪಾಸಿನಲ್ಲೇ ಅಲುಗಾಡದೆ ಕೂತಿದೆ. ಸಾಲ ಕಡಿಮೆ, ಹಣದುಬ್ಬರ ಕಡಿಮೆ. 2023ರ ಸಮೀಕ್ಷೆಯಲ್ಲಿ ಬಡತನದ ರೇಖೆಯ ಕೆಳಗಿದ್ದವರು ಶೇ. 56. ಎರಡೂ ಏಕಕಾಲಕ್ಕೆ ನಿಜ.

ಈಗ ಜಮೀನಿಗೆ ಬರೋಣ.

ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಗ್ವಾಟೆಮಾಲಾದ ಮುಖ್ಯ ರಫ್ತು ಒಂದು ಹುಳದ ಬಣ್ಣ. ಪಾಪಸುಕಳ್ಳಿಯ ಮೇಲೆ ಸಾಕುವ ಕೊಚಿನೀಲ್ ಹುಳವನ್ನು ಒಣಗಿಸಿ ಪುಡಿ ಮಾಡಿದರೆ ಕಡುಗೆಂಪು. ಯುರೋಪಿನಲ್ಲಿ ರಾಸಾಯನಿಕ ಬಣ್ಣ ಬಂದದ್ದೇ ಅದರ ಕಥೆ ಮುಗಿಯಿತು. ಅದರ ಜಾಗಕ್ಕೆ ಕಾಫಿ ಬಂತು. ಕಾಫಿಗೆ ಬೇಕಾದ ಎತ್ತರದ ಇಳಿಜಾರುಗಳೆಲ್ಲ ಮಾಯಾ ಹಳ್ಳಿಗಳ ಸಾಮೂಹಿಕ ಭೂಮಿ. 1871ರಲ್ಲಿ ಉದಾರವಾದಿಗಳೆಂದು ಕರೆದುಕೊಂಡವರು ಅಧಿಕಾರ ಹಿಡಿದರು. 1873ರಲ್ಲಿ ಅಧ್ಯಕ್ಷನಾದ ಹುಸ್ತೊ ರುಫಿನೊ ಬಾರಿಯೋಸ್ ತಾನೇ ಕಾಫಿ ಬೆಳೆಗಾರ. 1877ರ ಕಾನೂನುಗಳಲ್ಲಿ ಎರಡು ಕೆಲಸ ಆದವು. ಒಂದು, ಊರೊಟ್ಟಿನ ಜಮೀನು ಖಾಸಗಿಯಾಗಿ ಮಾರಾಟಕ್ಕೆ ಬಂತು. ಪತ್ರ ಇಲ್ಲದವನ ಜಮೀನು ಪತ್ರ ಮಾಡಿಸಿಕೊಂಡವನಿಗೆ. ಇನ್ನೊಂದು, ಕೂಲಿ ನಿಯಮ. ತೋಟದವನು ಬೇಡಿಕೆ ಇಟ್ಟರೆ ಜಿಲ್ಲೆಯ ಅಧಿಕಾರಿ ಹಳ್ಳಿಯಿಂದ ಆಳುಗಳನ್ನು ಕಳಿಸಬೇಕು. ಮುಂಗಡ ಪಡೆದವನು ತೀರಿಸುವ ತನಕ ತೋಟ ಬಿಡುವಂತಿಲ್ಲ. ಹಬ್ಬದ ದಿನ ಹೆಂಡದಂಗಡಿಯ ಪಕ್ಕವೇ ಏಜೆಂಟ್ ಮುಂಗಡದ ಹಣ ಹಿಡಿದು ಕೂತಿರುತ್ತಿದ್ದ. ಜೀತ ಅಂದರೇನು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ತೋಟ ಮಾರುವಾಗ ಅದರಲ್ಲಿದ್ದ ಆಳುಗಳ ಸಂಖ್ಯೆಯೂ ಬೆಲೆಯಲ್ಲಿ ಸೇರುತ್ತಿತ್ತು.

ಕೆಕ್ಚಿಗಳ ನಾಡು ಆಲ್ಟಾ ವೆರಾಪಾಸ್, ಅದರ ಮುಖ್ಯ ಊರು ಕೊಬಾನ್. ಸದಾ ಜಡಿಮಳೆ, ಮಂಜು. ಇಲ್ಲಿನವರಿಗೆ ಅಲ್ಲಿ ಬಿಟ್ಟರೆ ಮನೆಗೆ ಬಂದಂತೆಯೇ ಅನಿಸೀತು. ಅಲ್ಲಿಗೆ ಜರ್ಮನ್ನರು ಬಂದು ನೆಲೆ ಊರಿದರು. ತೋಟ, ರಫ್ತಿನ ಅಂಗಡಿ, ನದಿಯವರೆಗೆ ರೈಲು, ಪನ್ಸೋಸ್ ಬಂದರಿನಿಂದ ಪೊಲೊಚಿಕ್ ನದಿಯಲ್ಲಿ ದೋಣಿ, ಕೊನೆಗೆ ಸಮುದ್ರ, ಹ್ಯಾಂಬರ್ಗ್. ಕೆಕ್ಚಿ ಒಕ್ಕಲುಗಳು ತಮ್ಮದೇ ಹಳೆಯ ಜಮೀನಿನಲ್ಲಿ ತೋಟದಾಳುಗಳಾದರು. ಲೈನ್ ಮನೆಯ ಬದಲು ಒಂದು ತುಂಡು ಜೋಳದ ಹೊಲ, ಅದಕ್ಕೆ ಪ್ರತಿಯಾಗಿ ತಿಂಗಳಿಗೆ ಇಷ್ಟು ದಿನ ಬಿಟ್ಟಿ ಕೆಲಸ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಒತ್ತಡಕ್ಕೆ ಸರ್ಕಾರ ಜರ್ಮನ್ನರ ತೋಟಗಳನ್ನು ವಶಪಡಿಸಿಕೊಂಡಿತು. ಮಾಲೀಕ ಬದಲಾದ, ಆಳು ಆಳಾಗಿಯೇ ಉಳಿದ.

ನಡುವೆ ಹೊರ್ಹೆ ಉಬಿಕೊ ಎಂಬ ಸರ್ವಾಧಿಕಾರಿ 1934ರಲ್ಲಿ ಸಾಲದ ಜೀತವನ್ನು ರದ್ದು ಮಾಡಿದ. ಸಂತೋಷಪಡುವ ಮೊದಲೇ ಅಲೆಮಾರಿತನದ ವಿರುದ್ಧ ಕಾನೂನು ತಂದ: ಸಾಕಷ್ಟು ಜಮೀನಿಲ್ಲದವನು ವರ್ಷಕ್ಕೆ 100ರಿಂದ 150 ದಿನ ಬೇರೆಯವರ ಹೊಲದಲ್ಲಿ ದುಡಿದಿದ್ದಕ್ಕೆ ಪುಸ್ತಕದಲ್ಲಿ ಗುರುತು ಹಾಕಿಸಿಕೊಂಡು ಜೇಬಿನಲ್ಲಿ ಇಟ್ಟುಕೊಂಡಿರಬೇಕು. ಜಮೀನು ಕಿತ್ತುಕೊಂಡವರೇ ಜಮೀನಿಲ್ಲದ್ದನ್ನು ಅಪರಾಧ ಮಾಡಿದರು.

1944ರಲ್ಲಿ ಉಬಿಕೊ ಅಧಿಕಾರ ಬಿಟ್ಟು ಹೋದ. ಹುವಾನ್ ಹೊಸೆ ಅರೆವಾಲೊ ಎಂಬ ಶಿಕ್ಷಣತಜ್ಞ ಚುನಾವಣೆ ಗೆದ್ದು ಅಧ್ಯಕ್ಷನಾದ. 1951ರಲ್ಲಿ ಹಾಕೊಬೊ ಆರ್ಬೆನ್ಸ್. 1952ರ ಜೂನ್‌ನಲ್ಲಿ ಆತ ಭೂಸುಧಾರಣೆಯ 900ನೇ ಆಜ್ಞೆ ತಂದ. ನಮ್ಮಲ್ಲಿ 1974ರಲ್ಲಿ ದೇವರಾಜ ಅರಸರ ಕಾಲದ ತಿದ್ದುಪಡಿ ಬಂದಾಗ ಕಾಫಿ, ಏಲಕ್ಕಿ ತೋಟಗಳು ಅದರ ಹಿಡಿತಕ್ಕೆ ಸಿಗಲಿಲ್ಲ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಆರ್ಬೆನ್ಸ್ ಕಾಯ್ದೆಯೂ ಪೂರ್ತಿ ಬೆಳೆ ಇದ್ದ ತೋಟವನ್ನು ಮುಟ್ಟಲಿಲ್ಲ. ದೊಡ್ಡ ಹಿಡುವಳಿಗಳಲ್ಲಿ ಬೀಳು ಬಿಟ್ಟಿದ್ದ ಜಮೀನು ಮಾತ್ರ. ಪರಿಹಾರ, ಮಾಲೀಕ ತೆರಿಗೆಗಾಗಿ ತಾನೇ ಘೋಷಿಸಿಕೊಂಡಿದ್ದ ಬೆಲೆಯಲ್ಲಿ, ಬಾಂಡುಗಳ ರೂಪದಲ್ಲಿ. ಹದಿನೆಂಟು ತಿಂಗಳಲ್ಲಿ ಸುಮಾರು ಒಂದು ಲಕ್ಷ ಕುಟುಂಬಗಳಿಗೆ ಜಮೀನು ಸಿಕ್ಕಿತು.

ಅತಿ ದೊಡ್ಡ ಜಮೀನುದಾರ ಅಮೆರಿಕದ ಬಾಳೆಹಣ್ಣಿನ ಕಂಪನಿ, ಯುನೈಟೆಡ್ ಫ್ರೂಟ್. ಹೆಚ್ಚಿನ ಪಾಲು ಬೀಳು ಬಿಟ್ಟಿತ್ತು. ಸರ್ಕಾರ ಕಂಪನಿಯ ಘೋಷಣೆಯಂತೆಯೇ 6.27 ಲಕ್ಷ ಡಾಲರ್ ಕೊಡಲು ಹೊರಟಿತು. ಅಮೆರಿಕದ ವಿದೇಶಾಂಗ ಇಲಾಖೆ ಕಂಪನಿಯ ಪರವಾಗಿ ಕೇಳಿದ್ದು ಒಂದೂವರೆ ಕೋಟಿಗೂ ಮೇಲೆ. ತೆರಿಗೆ ಕಟ್ಟುವಾಗ ಒಂದು ಬೆಲೆ, ಪರಿಹಾರಕ್ಕೆ ಇನ್ನೊಂದು! ಆಗ ಅಮೆರಿಕದ ವಿದೇಶಾಂಗ ಸಚಿವ ಜಾನ್ ಫಾಸ್ಟರ್ ಡಲ್ಲೆಸ್, ಗುಪ್ತಚರ ಸಂಸ್ಥೆ ಸಿಐಎ ಮುಖ್ಯಸ್ಥ ಆತನ ತಮ್ಮ ಆಲೆನ್; ಇಬ್ಬರೂ ಹಿಂದೆ ಕೆಲಸ ಮಾಡಿದ್ದ ವಕೀಲಿ ಸಂಸ್ಥೆಗೆ ಇದೇ ಕಂಪನಿ ಕಕ್ಷಿದಾರ. ಕಮ್ಯುನಿಸಂನ ಭಯವೂ ಸೇರಿಕೊಂಡಿತು. 1954ರ ಜೂನ್‌ನಲ್ಲಿ ಸಿಐಎ ಸಜ್ಜುಗೊಳಿಸಿದ ಪಡೆ ಗಡಿ ದಾಟಿ ಬಂತು, ಆರ್ಬೆನ್ಸ್ ರಾಜೀನಾಮೆ ಕೊಟ್ಟ. ಹಂಚಿದ್ದ ಜಮೀನು ಬಹುಪಾಲು ವಾಪಸ್.

ಆಮೇಲಿನದು 1960ರಿಂದ 1996ರವರೆಗೆ ಸೈನ್ಯಕ್ಕೂ ಎಡಪಂಥದ ಗೆರಿಲ್ಲಾಗಳಿಗೂ ನಡೆದ ಅಂತರ್ಯುದ್ಧ. ವಿಶ್ವಸಂಸ್ಥೆಯ ಬೆಂಬಲದಿಂದ ನಡೆದ ಸತ್ಯಶೋಧನಾ ಆಯೋಗ 1999ರಲ್ಲಿ ಕೊಟ್ಟ ಲೆಕ್ಕ: ಸತ್ತವರು, ಕಾಣೆಯಾದವರು ಸೇರಿ ಎರಡು ಲಕ್ಷಕ್ಕೂ ಮೇಲೆ. ಗುರುತು ಹಿಡಿಯಲಾದವರಲ್ಲಿ ಶೇ. 83 ಮಾಯಾ ಜನ. ಶೇ. 93ರಷ್ಟು ಕೃತ್ಯಗಳ ಹೊಣೆ ಸೈನ್ಯ ಮತ್ತು ಅದರ ಜೊತೆಗಿದ್ದ ಪಡೆಗಳದ್ದು. ಸೈನ್ಯ ನಡೆಸಿದ 626 ಹತ್ಯಾಕಾಂಡಗಳು. ಇಷ್ಟು ದೊಡ್ಡ ಸಂಖ್ಯೆಗಳು ಕಿವಿಗೆ ಬಿದ್ದು ಹಾಗೇ ಹೋಗಿಬಿಡುತ್ತವೆ, ಒಂದನ್ನು ಮಾತ್ರ ಹೇಳುತ್ತೇನೆ. ಜರ್ಮನ್ನರ ಕಾಫಿ ದೋಣಿ ಹತ್ತುತ್ತಿದ್ದ ಪನ್ಸೋಸ್ ಎಂದೆನಲ್ಲ, ಅದೇ ಊರು. 1978ರ ಮೇ 29ರಂದು ಸುತ್ತಲಿನ ಹಳ್ಳಿಗಳ ಕೆಕ್ಚಿ ರೈತರು ತಮ್ಮ ಜಮೀನಿನ ಹಕ್ಕಿನ ಬಗ್ಗೆ ಅರ್ಜಿ ಹಿಡಿದು ಊರಿನ ಚೌಕಕ್ಕೆ ಬಂದರು. ಮುಂದೆ ನಿಂತವರಲ್ಲಿ ಅದೆಲಿನಾ ಕಾಲ್ ಮಕಿನ್ ಎಂಬ ಅಜ್ಜಿ. ಸೈನಿಕರು ಗುಂಡು ಹಾರಿಸಿದರು. ಆಯೋಗ ದಾಖಲಿಸಿದ್ದೇ 53 ಸಾವು. ‘ಮಮಾ ಮಕಿನ್’ ಎಂಬ ಹೆಸರಿನಲ್ಲಿ ಆ ಅಜ್ಜಿ ಇಂದಿಗೂ ರೈತ ಹೆಂಗಸರ ಸಂಘಟನೆಗೆ ಹೆಸರಾಗಿದ್ದಾಳೆ. 2003ರ ಕೃಷಿ ಗಣತಿಯಲ್ಲಿ, ಅಂದರೆ ಯುದ್ಧ ಮುಗಿದು ಏಳು ವರ್ಷಕ್ಕೆ, ಶೇ. 2ರಷ್ಟು ಹಿಡುವಳಿದಾರರ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಕೃಷಿಭೂಮಿ ಇತ್ತು.

ಇಲ್ಲಿಗೆ ಏಲಕ್ಕಿ ಬರುತ್ತದೆ.

1914ರ ಸುಮಾರಿಗೆ ಆಸ್ಕರ್ ಮಾಯುಸ್ ಕ್ಲೋಫರ್ ಎಂಬ ಜರ್ಮನ್ ತೋಟಗಾರ ಕೊಬಾನ್ ಬಳಿ ಏಲಕ್ಕಿ ನೆಡಿಸಿದ. ದಕ್ಷಿಣ ಏಷ್ಯಾದಿಂದ ಹೋದ ಬೀಜ. ದಶಕಗಳ ಕಾಲ ಅದು ದೊಡ್ಡ ತೋಟಗಳ ಉಪಬೆಳೆಯಾಗಿ ಇತ್ತು. 1970ರ ದಶಕದಲ್ಲಿ ಜಮೀನು ಸಾಲದ ಕೆಕ್ಚಿ ಕುಟುಂಬಗಳು ಉತ್ತರದ ಕಾಡಿನ ಕಡೆ ಗುಳೆ ಹೋದಾಗ ಏಲಕ್ಕಿಯೂ ಜೊತೆಗೆ ಹೋಯಿತು. ರಸ್ತೆ ಇಲ್ಲದ ಜಾಗಕ್ಕೆ ಇದಕ್ಕಿಂತ ಹೊಂದುವ ಬೆಳೆ ಇಲ್ಲ: ತೂಕ ಕಡಿಮೆ, ಬೆಲೆ ಹೆಚ್ಚು. ಹಣೆಗೆ ಅಗಲವಾದ ಪಟ್ಟಿ ಕೊಟ್ಟು, ಅದರ ಹಗ್ಗಕ್ಕೆ ಬೆನ್ನಮೇಲಿನ ಚೀಲ ಕಟ್ಟಿ ಗುಡ್ಡ ಇಳಿದು ಬರುವುದು ಅಲ್ಲಿನ ರೂಢಿ. 1980ರ ದಶಕದಲ್ಲಿ ಗ್ವಾಟೆಮಾಲಾ ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿತು. ನಮ್ಮಲ್ಲಿ ಕಟ್ಟೆ ರೋಗ, ಹಳೆಯ ಗಿಡ, ಕಡಿಮೆ ಇಳುವರಿ. ಜೊತೆಗೆ ಬೆಳೆದದ್ದರಲ್ಲಿ ಹೆಚ್ಚಿನದನ್ನು ನಾವೇ ಪಾಯಸಕ್ಕೂ ಚಹಾಕ್ಕೂ ಹಾಕಿಕೊಳ್ಳುತ್ತೇವೆ. ಅಲ್ಲಿ ಹಾಗಲ್ಲ. ಗ್ವಾಟೆಮಾಲಾದ ಅಡುಗೆಯಲ್ಲಿ ಏಲಕ್ಕಿಗೆ ಜಾಗವೇ ಇಲ್ಲ. ಬೆಳೆದವನು ರುಚಿ ನೋಡದೆ ಕಳಿಸುವ ಮಾಲು ಅದು; ಹೋಗುವುದು ಹೆಚ್ಚಾಗಿ ಅರಬ್ ದೇಶಗಳ ಕಾಫಿ ಹೂಜಿಗೆ.

ಇಲ್ಲಿ ಬೆಳೆಗಾರರಿಗೆ ಆಸಕ್ತಿ ಹುಟ್ಟಿಸುವ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಬೆಳೆಗಾರ ಕಾಯಿ ಕೊಯ್ದು, ತಾನೋ ನೆರೆಯವರ ಡ್ರೈಯರಿನಲ್ಲೋ ಒಣಗಿಸಿ, ವಿಂಗಡಿಸಿ, ರೇಟು ನೋಡಿಕೊಂಡು ಹರಾಜಿಗೆ ಕಳಿಸುತ್ತಾನೆ. ಕೆಕ್ಚಿ ರೈತನಿಗೆ ಡ್ರೈಯರ್ ಇಲ್ಲ. ಹಸಿ ಕಾಯಿಯನ್ನೇ ಮಾರಬೇಕು. ಹಸಿ ಕಾಯಿ ಒಂದೆರಡು ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ, ಬಣ್ಣ ಹೋಗುತ್ತದೆ. ನಾಲ್ಕೈದು ಕಿಲೋ ಹಸಿ ಕಾಯಿಗೆ ಒಂದು ಕಿಲೋ ಒಣ ಏಲಕ್ಕಿ, ಆ ಲೆಕ್ಕವನ್ನೂ ಮಾಡುವವನು ದಲ್ಲಾಳಿಯೇ. ಊರಿನ ದಲ್ಲಾಳಿ ಕೊಂಡು ಸೌದೆ ಒಲೆಯ ಡ್ರೈಯರ್ ಇಟ್ಟವನಿಗೆ ಕೊಡುತ್ತಾನೆ, ಅವನು ಕೊಬಾನ್‌ನ ರಫ್ತುದಾರನಿಗೆ. ಕಾಯುವ ಶಕ್ತಿ ಯಾರಿಗಿದೆಯೋ ರೇಟು ಅವರದ್ದು. ಬೆಳೆಗಾರನಿಗೆ ಇರುವುದು ಒಂದೆರಡು ಎಕರೆ, ಎಷ್ಟೋ ಕಡೆ ಅದರ ಪತ್ರವೂ ಇಲ್ಲ. ಅದೇ ತುಂಡಿನಲ್ಲಿ ಜೋಳವೂ ಆಗಬೇಕು. ಇಂಥ ಲಕ್ಷಾಂತರ ಕುಟುಂಬಗಳು ಸೇರಿ ಬೆಳೆದದ್ದೇ ‘ಗ್ವಾಟೆಮಾಲಾ ಮಾಲು’. ಜಗತ್ತಿಗೇ ಏಲಕ್ಕಿ ಕೊಡುವ ಆಲ್ಟಾ ವೆರಾಪಾಸ್ ಆ ದೇಶದ ಅತಿ ಬಡ ಜಿಲ್ಲೆಗಳಲ್ಲಿ ಒಂದು.

ಕಾಫಿ, ಸಕ್ಕರೆ, ಬಾಳೆ, ತಾಳೆ ಎಣ್ಣೆ, ಸಿದ್ಧ ಉಡುಪು: ರಫ್ತಿನ ಪಟ್ಟಿ ಇನ್ನೂ ಉದ್ದವಿದೆ, ಅದನ್ನು ಬಿಡುತ್ತೇನೆ. ಯಾಕೆಂದರೆ ಸರಕಿನ ರಫ್ತು ಎಲ್ಲ ಸೇರಿಸಿದರೂ ಸಮನಾಗದ ಒಂದು ಆದಾಯವಿದೆ. ಅಮೆರಿಕದಲ್ಲಿ ದುಡಿಯುವ ಗ್ವಾಟೆಮಾಲಾದವರು ಮನೆಗೆ ಕಳಿಸುವ ಹಣ. 2001ರಲ್ಲಿ ನೂರು ಕೋಟಿ ಡಾಲರಿಗಿಂತ ಕಡಿಮೆಯಿದ್ದದ್ದು 2024ರಲ್ಲಿ ಸುಮಾರು 2,150 ಕೋಟಿ ಡಾಲರ್. ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಪಾಲು. ಕೆತ್ಸಾಲ್ ಅಲುಗಾಡದೆ ಕೂತಿದೆ ಎಂದೆನಲ್ಲ, ಅದನ್ನು ಹಿಡಿದು ಕೂರಿಸಿರುವುದು ಲಾಸ್ ಏಂಜಲೀಸ್‌ನ ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಕಟ್ಟಡದ ಮೇಲೆ ಹೆಂಚು ಹೊದಿಸುವವರು.

ಹೋಗುವುದು ಸುಲಭವಲ್ಲ. ಮೆಕ್ಸಿಕೊ ದಾಟಿಸುವ ದಲ್ಲಾಳಿಗೆ ಹತ್ತು ಸಾವಿರ ಡಾಲರಿಗೂ ಮೇಲೆ ಕೊಡಬೇಕು. ಅದಕ್ಕೆ ಇರುವ ತುಂಡು ಜಮೀನಿನ ಮೇಲೇ ಸಾಲ. ದಾರಿಯಲ್ಲಿ ಸಿಕ್ಕಿಬಿದ್ದು ವಾಪಸಾದರೆ ಜಮೀನೂ ಹೋಯಿತು, ಸಾಲವೂ ಉಳಿಯಿತು. ಅದಕ್ಕೇ ಮರಳಿ ಬಂದವರು ಮತ್ತೆ ಹೊರಡುತ್ತಾರೆ. 2012–13ರಲ್ಲಿ ಕಾಫಿಗೆ ಎಲೆ ತುಕ್ಕು ರೋಗ ಬಂದು ಕೂಲಿ ನಿಂತಾಗ ಹೊರಟವರು ಅನೇಕರು. 2020ರ ನವೆಂಬರಿನಲ್ಲಿ ಎರಡೇ ವಾರದ ಅಂತರದಲ್ಲಿ ಈಟಾ, ಅಯೋಟಾ ಎಂಬ ಚಂಡಮಾರುತಗಳು ಬಂದವು. ಆಲ್ಟಾ ವೆರಾಪಾಸ್‌ನ ಕೆಹಾ ಎಂಬ ಹಳ್ಳಿಯ ಮೇಲೆ ಗುಡ್ಡವೇ ಕುಸಿಯಿತು. 2018ರ ಮಳೆಗಾಲದಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದ್ದನ್ನು ಕಂಡವರಿಗೆ ಆ ದೃಶ್ಯ ಹೇಳಬೇಕಿಲ್ಲ. ಬದುಕುಳಿದವರಲ್ಲಿ ಕೆಲವರು ಮುಂದಿನ ತಿಂಗಳುಗಳಲ್ಲೇ ಉತ್ತರಕ್ಕೆ ನಡೆದರು.

ಹಣ ಬಂದ ಊರುಗಳ ಚಹರೆಯೂ ಬದಲಾಗಿದೆ. ವೇವೇತೆನಾಂಗೊ, ಸಾನ್ ಮಾರ್ಕೋಸ್ ಜಿಲ್ಲೆಗಳಲ್ಲಿ ಜೋಳದ ಹೊಲದ ನಡುವೆ ಮೂರು–ನಾಲ್ಕು ಅಂತಸ್ತಿನ ಕಾಂಕ್ರೀಟ್ ಮನೆ, ಕನ್ನಡಿ ಕಿಟಕಿ, ಗೋಡೆಯ ಮೇಲೆ ಹದ್ದು, ನಕ್ಷತ್ರ, ಅಮೆರಿಕದ ಬಾವುಟದ ಬಣ್ಣ. ಎಷ್ಟೋ ಮನೆಗಳಲ್ಲಿ ಕೆಳಗಿನ ಎರಡು ಕೋಣೆಯಲ್ಲಿ ಅಜ್ಜ ಅಜ್ಜಿ ಮೊಮ್ಮಕ್ಕಳು, ಮೇಲಿನದೆಲ್ಲ ಖಾಲಿ. ಇದನ್ನು ದುಂದು ಎಂದು ಟೀಕಿಸುವ ಅರ್ಥಶಾಸ್ತ್ರಜ್ಞರಿದ್ದಾರೆ. ನನಗೆ ಹಾಗನಿಸುವುದಿಲ್ಲ. ನಾಲ್ಕು ತಲೆಮಾರು ಇನ್ನೊಬ್ಬರ ತೋಟದ ಗುಡಿಸಲಿನಲ್ಲಿ ಇದ್ದವರ ಮೊಮ್ಮಗ ಮೊದಲು ಮನೆ ಕಟ್ಟಿಸದೆ ಷೇರು ಕೊಳ್ಳುತ್ತಾನೆಯೇ?

ಕೊನೆಯದಾಗಿ ರಾಜಕೀಯ. 2015ರಲ್ಲಿ ಸುಂಕದ ಹಗರಣದಲ್ಲಿ ಅಧ್ಯಕ್ಷ ಒಟ್ಟೊ ಪೆರೆಸ್ ಮೊಲಿನಾ ರಾಜೀನಾಮೆ ಕೊಟ್ಟು ಜೈಲಿಗೆ ಹೋದ. ಅದಕ್ಕೆ ಕಾರಣವಾದ ವಿಶ್ವಸಂಸ್ಥೆ ಬೆಂಬಲದ ತನಿಖಾ ಆಯೋಗವನ್ನು 2019ರಲ್ಲಿ ಮುಚ್ಚಿಸಲಾಯಿತು. ಅದರ ಜೊತೆ ಕೆಲಸ ಮಾಡಿದ ನ್ಯಾಯಾಧೀಶರು, ವಕೀಲರು ದೇಶ ಬಿಟ್ಟು ಓಡಬೇಕಾಯಿತು. 2023ರಲ್ಲಿ ಯಾರೂ ಲೆಕ್ಕಕ್ಕಿಟ್ಟಿರದ ಬರ್ನಾರ್ಡೊ ಅರೆವಾಲೊ ಗೆದ್ದ. 1945ರ ಆ ಶಿಕ್ಷಣತಜ್ಞ ಅಧ್ಯಕ್ಷನ ಮಗ. ಗೆದ್ದರೂ ಅಧಿಕಾರ ಕೊಡದಿರಲು ಪ್ರಾಸಿಕ್ಯೂಷನ್ ಮುಖ್ಯಸ್ಥೆ ಕೊನ್ಸುವೆಲೊ ಪೊರಾಸ್ ಅವರ ಇಲಾಖೆ ಮತಪೆಟ್ಟಿಗೆಗಳನ್ನು ವಶಪಡಿಸಿಕೊಂಡಿತು, ಪಕ್ಷವನ್ನೇ ಅಮಾನತು ಮಾಡಿಸಲು ಹೊರಟಿತು.

ಆಗ ಬೀದಿಗೆ ಬಂದವರು ತೊತೊನಿಕಪಾನ್‌ನ ‘48 ಕ್ಯಾಂಟನ್’ಗಳು, ಅಂದರೆ ಕಿಚೆ ಹಳ್ಳಿಗಳ ಒಕ್ಕೂಟ. ಈ ಒಕ್ಕೂಟದ ಬಗ್ಗೆ ತುಸು ನಿಲ್ಲಬೇಕು. 1877ರ ಅಲೆಯಲ್ಲಿ ಎಲ್ಲೆಡೆ ಸಾಮೂಹಿಕ ಜಮೀನು ಹೋದಾಗ ತೊತೊನಿಕಪಾನ್ ಜನ ತಮ್ಮ ಕಾಡನ್ನು ಉಳಿಸಿಕೊಂಡರು. ಎತ್ತರದಲ್ಲಿತ್ತು, ಚಳಿ, ಕಾಫಿಗೆ ಆಗುತ್ತಿರಲಿಲ್ಲ ಎಂಬುದೂ ಒಂದು ಕಾರಣ. ಇಪ್ಪತ್ತು ಸಾವಿರ ಹೆಕ್ಟೇರಿಗೂ ಮಿಕ್ಕ ಪೈನ್ ಕಾಡು, ಅದರ ಊಟೆಗಳು ಇವತ್ತಿಗೂ ಹಳ್ಳಿಗಳದ್ದೇ. ಅವುಗಳ ಉಸ್ತುವಾರಿಗೆ ಪ್ರತಿ ವರ್ಷ ಹಳ್ಳಿಯ ಸಭೆ ಜನರನ್ನು ಆರಿಸುತ್ತದೆ. ಒಂದು ವರ್ಷ ಸಂಬಳವಿಲ್ಲದ ಸೇವೆ, ಕೈಯಲ್ಲಿ ಅಧಿಕಾರದ ಕೋಲು. ಕಾಡಿನ ಕಾವಲು, ನೀರಿನ ಕೊಳವೆ, ಜಗಳದ ಪಂಚಾಯಿತಿ ಎಲ್ಲ ಅವರದ್ದು. ಬರದಿದ್ದರೆ ದಂಡ. ಇಂಥ ಸಂಘಟನೆಗೆ ಹೆದ್ದಾರಿ ಬಂದ್ ಮಾಡುವುದು ಹೊಸ ಕೆಲಸವಲ್ಲ: ಪಾಳಿ ಹಾಕಿದರು, ಅಡುಗೆ ಹಂಚಿಕೊಂಡರು. 2023ರ ಅಕ್ಟೋಬರ್ 2ರಂದು ಶುರುವಾದದ್ದು ದೇಶದ ತುಂಬ ಹಬ್ಬಿತು. ರಾಜಧಾನಿಯಲ್ಲಿ ಪ್ರಾಸಿಕ್ಯೂಷನ್ ಕಚೇರಿಯ ಮುಂದೆ ನೂರಕ್ಕೂ ಹೆಚ್ಚು ದಿನ ಕೂತರು. 2024ರ ಜನವರಿ 14ರ ನಡುರಾತ್ರಿ ದಾಟಿದ ಮೇಲೆ, ಗಂಟೆಗಟ್ಟಲೆ ತಡವಾಗಿ, ಅರೆವಾಲೊ ಪ್ರಮಾಣ ವಚನ ತೆಗೆದುಕೊಂಡ.

ಇಲ್ಲಿಗೆ ಸುಖಾಂತ ಅಂದುಕೊಳ್ಳಬೇಡಿ. ಆ ಪ್ರತಿಭಟನೆಯ ಮುಂದಾಳಾಗಿದ್ದ ಲೂಯಿಸ್ ಪಾಚೆಕೊ ಮುಂದೆ ಉಪಸಚಿವರಾದರು. 2025ರ ಏಪ್ರಿಲ್‌ನಲ್ಲಿ ಅದೇ ಪ್ರಾಸಿಕ್ಯೂಷನ್ ಇಲಾಖೆ ಅವರನ್ನೂ ಜೊತೆಗಾರ ಎಕ್ತೊರ್ ಚಕ್ಲಾನ್ ಅವರನ್ನೂ ಭಯೋತ್ಪಾದನೆಯ ಆರೋಪದಲ್ಲಿ ಬಂಧಿಸಿತು. ಅಧ್ಯಕ್ಷನ ಕಣ್ಣೆದುರೇ ಅವನ ಉಪಸಚಿವ ಜೈಲಿಗೆ ಹೋದ. ಅಧಿಕಾರ ಸಿಕ್ಕಿದೆ, ಹಿಡಿತ ಸಿಕ್ಕಿಲ್ಲ.

ಪ್ರಶ್ನೆಗಳಲ್ಲಿ ಎರಡು. ಹಿರಿಯ ಬೆಳೆಗಾರರೊಬ್ಬರು ಎದ್ದು, ‘ಮೇಷ್ಟ್ರೇ, ಇಷ್ಟೆಲ್ಲ ಕೇಳಿ ಪಾಪ ಅನಿಸಿತು. ಆದರೂ ಅವರ ಬೆಳೆ ಕೆಟ್ಟರೆ ತಾನೇ ನಮಗೆ ರೇಟು?’ ಅಂದರು. ಹೌದು, ಸುಳ್ಳು ಹೇಳಿ ಪ್ರಯೋಜನವಿಲ್ಲ. 2023–24ರಲ್ಲಿ ಅಲ್ಲಿ ಬರ ಬಂತು, ಥ್ರಿಪ್ಸ್ ಹುಳದ ಕಾಟವೂ ಸೇರಿ ಬೆಳೆ ಕುಸಿಯಿತು. 2024ರ ಕೊನೆಗೆ ನಮ್ಮ ಹರಾಜಿನಲ್ಲಿ ಕಿಲೋಗೆ ಎರಡೂವರೆ ಸಾವಿರ ದಾಟಿತು. ಆದರೆ ಅದೇ ವರ್ಷ ಇಲ್ಲಿಯೂ ಬಿಸಿಲಿಗೆ ಗಿಡ ಒಣಗಿದ್ದನ್ನು ನೀವೇ ನೋಡಿದಿರಿ. ರೇಟಿತ್ತು, ಮಾರಲು ಮಾಲು ಎಷ್ಟು ಜನರ ಹತ್ತಿರ ಇತ್ತು? ಸಭೆಯಲ್ಲಿ ನಗು ಬಂತು, ಅವರೂ ನಕ್ಕರು.

ಇನ್ನೊಂದು ಪ್ರಶ್ನೆ ಬಿ.ಎ. ಓದುವ ಹುಡುಗಿಯದ್ದು: ಐನೂರು ವರ್ಷದ ಸ್ಪ್ಯಾನಿಶ್ ಒತ್ತಡದಲ್ಲೂ ಇಪ್ಪತ್ತೆರಡು ಭಾಷೆ ಉಳಿದದ್ದು ಹೇಗೆ? ಎಲ್ಲವೂ ಒಂದೇ ರೀತಿ ಉಳಿದಿಲ್ಲ. ಇಟ್ಸಾ ಎಂಬ ಭಾಷೆ ಕೆಲವೇ ಮುದುಕರ ಬಾಯಲ್ಲಿದೆ. ಕಿಚೆ, ಕಕ್ಚಿಕೆಲ್ ಊರುಗಳಲ್ಲಿ ಹೆದ್ದಾರಿ, ಶಾಲೆ, ರಾಜಧಾನಿಯ ಕೆಲಸ ಹತ್ತಿರವಾದಂತೆ ಮಕ್ಕಳು ಸ್ಪ್ಯಾನಿಶ್‌ಗೆ ಹೊರಳುತ್ತಿದ್ದಾರೆ. 1990ರಲ್ಲಿ ಮಾಯಾ ಭಾಷೆಗಳ ಅಕಾಡೆಮಿಗೆ ಕಾನೂನಿನ ಮಾನ್ಯತೆ ಸಿಕ್ಕಿತು, 2003ರಲ್ಲಿ ರಾಷ್ಟ್ರೀಯ ಭಾಷೆಗಳ ಕಾಯ್ದೆ ಬಂತು; ಕಾಗದದ ಮೇಲೆ ಆಸ್ಪತ್ರೆ, ಕೋರ್ಟಿನಲ್ಲೂ ಅವರ ಭಾಷೆಗೆ ಹಕ್ಕಿದೆ. 2013ರಲ್ಲಿ ಮಾಜಿ ಸರ್ವಾಧಿಕಾರಿ ರಿಯೋಸ್ ಮೊಂಟ್ ಮೇಲಿನ ನರಮೇಧದ ವಿಚಾರಣೆಯಲ್ಲಿ ಈಶಿಲ್ ಎಂಬ ಮಾಯಾ ಸಮುದಾಯದ ಜನ ತಮ್ಮ ಭಾಷೆಯಲ್ಲೇ, ದುಭಾಷಿಗಳ ಮೂಲಕ ಸಾಕ್ಷಿ ಹೇಳಿದರು. ಶಿಕ್ಷೆಯಾಯಿತು, ಹತ್ತೇ ದಿನದಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕೆಕ್ಚಿ ಮಾತ್ರ ಇವಕ್ಕೆಲ್ಲ ವಿರುದ್ಧ ದಿಕ್ಕಿನಲ್ಲಿದೆ. ಜಮೀನು ಹುಡುಕಿಕೊಂಡು ಹೋದವರ ಜೊತೆ ಅದು ಉತ್ತರದ ಪೆತೇನ್ ಜಿಲ್ಲೆಯ ಕಾಡಿಗೆ, ಗಡಿಯಾಚೆ ಬೆಲೀಜ್‌ಗೆ ಹಬ್ಬಿದೆ. ಹಳೆಯ ಜರ್ಮನ್ ತೋಟಗಾರರೂ ಆಳುಗಳ ಜೊತೆ ಮಾತಾಡಲು ಅದನ್ನೇ ಕಲಿತಿದ್ದರು, ಕೊಬಾನ್‌ನ ಲಾದಿನೋಗಳಲ್ಲಿ ಇವತ್ತಿಗೂ ಅದನ್ನು ಆಡುವವರಿದ್ದಾರೆ. ಏಕೆಂದರೆ ಮಾರುವವನೂ ದುಡಿಯುವವನೂ ಕೆಕ್ಚಿಯೇ ಆಗಿರುವ ಊರಿನಲ್ಲಿ ಕೊಳ್ಳುವವನಿಗೆ ಆ ಭಾಷೆ ಬಾರದೆ ವ್ಯಾಪಾರ ಸಾಗುವುದಿಲ್ಲ.